ಬಿಳಿಚುಕ್ಕೆ ರೋಗ (ಸಿಹಿನೀರಿನ ಮೀನುಗಳು)

ಬಿಳಿಚುಕ್ಕೆ ರೋಗವು ಸಿಹಿನೀರಿನ ಮೀನುಗಳಿಗೆ ತಗಲುವ ಪರೋಪಜೀವಿ ರೋಗ. ಇಕ್ತಿಯೋಫ್ತೀರಿಯಸ್ ಮಲ್ಟಿಫಿಲಿಸ್ ಎಂಬ ಏಕಕೋಶ ಜೀವಿಯು ಇದಕ್ಕೆ ಕಾರಣ. ಅಲಂಕಾರಿಕ ಮೀನು ಸಾಕುವವರಲ್ಲಿ ಇದು ‘ಇಕ್’ ಎಂಬ ಚುಟುಕು ಹೆಸರಿನಿಂದ ಪರಿಚಿತವಾಗಿದೆ. ಗಾಜಿನ ತೊಟ್ಟಿಗಳಲ್ಲಿ ಅತಿ ಸಾಮಾನ್ಯವಾಗಿ ಕಾಣುವ ರೋಗಗಳಲ್ಲಿ ಇದೂ ಒಂದು. ಸಕಾಲದಲ್ಲಿ ಚಿಕಿತ್ಸೆ ದೊರೆತರೆ ಗುಣವಾಗುತ್ತದೆ. ಅಲಕ್ಷಿಸಿದರೆ ಕೆಲವೇ ದಿನಗಳಲ್ಲಿ ತೊಟ್ಟಿಯ ಎಲ್ಲ ಮೀನುಗಳೂ ಸಾಯಬಹುದು. ಈ ರೋಗವು ಮನುಷ್ಯರಿಗೆ ಹರಡುವುದಿಲ್ಲ.

ಸೀಗಡಿಗಳ ಬಿಳಿಚುಕ್ಕೆ ರೋಗವು ವೈರಾಣುವಿನಿಂದ ಬರುವಂಥದ್ದು. ಹೆಸರು ಒಂದೇ ಆದರೂ ಇದಕ್ಕೂ ಅದಕ್ಕೂ ಸಂಬಂಧವಿಲ್ಲ.

ಹೆಸರು ಮತ್ತು ರೋಗಕಾರಕ

ಈ ಜೀವಿಗೆ ಈಗಿರುವ ವೈಜ್ಞಾನಿಕ ಹೆಸರನ್ನು 1876ರಲ್ಲಿ ಫ್ರಾನ್ಸಿನ ಫೂಕೆ ಎಂಬ ವಿಜ್ಞಾನಿ ನೀಡಿದರು. ಹೆಸರಿನ ಮೊದಲ ಪದಕ್ಕೆ ‘ಮೀನಿನ ಹೇನು’ ಎಂದೂ ಎರಡನೆಯದಕ್ಕೆ ‘ಬಹು ಸಂತಾನವುಳ್ಳದ್ದು’ ಎಂದೂ ಅರ್ಥ. ಜೀವಿಯ ಮೈತುಂಬ ಸೂಕ್ಷ್ಮವಾದ ಲೋಮಾಂಗಗಳಿದ್ದು, ಅವುಗಳ ಬಡಿತದಿಂದ ಅದು ಚಲಿಸುತ್ತದೆ. ಪೂರ್ಣ ಬೆಳೆದಾಗ ಸುಮಾರು 1 ಮಿಲಿಮೀಟರ್ ಗಾತ್ರ ತಲುಪುವುದರಿಂದ ಬರಿಗಣ್ಣಿಗೂ ಕಾಣುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕುದುರೆ ಲಾಳದ ಆಕಾರದ ಕೋಶಕೇಂದ್ರವು ಇದರ ಗುರುತು.

ಜೀವನಚಕ್ರ

ಚಿಕಿತ್ಸೆಯ ಕ್ರಮವನ್ನು ತಿಳಿಯಲು ಈ ಜೀವಿಯ ಮೂರು ಹಂತಗಳನ್ನು ಅರಿಯುವುದು ಅಗತ್ಯ.

1. ಮೀನಿನ ಮೈಯಲ್ಲಿ: ಪರೋಪಜೀವಿಯು ಚರ್ಮದ ಮತ್ತು ಕಿವಿರಿನ ಮೇಲ್ಪದರದ ಒಳಗೆ ಸೇರಿ, ಅಲ್ಲಿನ ಜೀವಕೋಶಗಳನ್ನು ತಿಂದು ಬೆಳೆಯುತ್ತದೆ. ಹೊರಗೆ ಕಾಣುವ ಬಿಳಿ ಚುಕ್ಕೆ ಇದೇ.
2. ತೊಟ್ಟಿಯ ತಳದಲ್ಲಿ: ಬೆಳೆದ ಜೀವಿ ಮೀನನ್ನು ಬಿಟ್ಟು ಕೆಳಗಿಳಿದು ಮರಳು, ಗಿಡ ಅಥವಾ ಗಾಜಿಗೆ ಅಂಟಿಕೊಳ್ಳುತ್ತದೆ. ತನ್ನ ಸುತ್ತ ಪೊರೆಯೊಂದನ್ನು ಕಟ್ಟಿಕೊಂಡು ಒಳಗೇ ಮತ್ತೆ ಮತ್ತೆ ಇಬ್ಭಾಗವಾಗಿ ನೂರಾರು ಮರಿಗಳಾಗುತ್ತದೆ.
3. ನೀರಿನಲ್ಲಿ: ಪೊರೆ ಒಡೆದು ಹೊರಬಂದ ಮರಿಗಳು ಈಜುತ್ತ ಮೀನನ್ನು ಹುಡುಕುತ್ತವೆ. ಬೆಚ್ಚನೆಯ ನೀರಿನಲ್ಲಿ ಎರಡು ಮೂರು ದಿನಗಳೊಳಗೆ ಮೀನು ಸಿಗದಿದ್ದರೆ ಸಾಯುತ್ತವೆ.

ಔಷಧವು ಮುಖ್ಯವಾಗಿ ಮೂರನೆಯ ಹಂತದ ಮರಿಗಳನ್ನು ಮಾತ್ರ ಕೊಲ್ಲುತ್ತದೆ. ಮೊದಲ ಹಂತದಲ್ಲಿ ಮೀನಿನ ಚರ್ಮವೂ ಎರಡನೆಯದರಲ್ಲಿ ಪೊರೆಯೂ ಜೀವಿಗೆ ರಕ್ಷಣೆ ನೀಡುತ್ತವೆ. ಆದುದರಿಂದ ಒಮ್ಮೆ ಔಷಧ ಹಾಕಿ ನಿಲ್ಲಿಸಿದರೆ ಪ್ರಯೋಜನವಿಲ್ಲ. ನೀರು 25 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದರೆ ಚಕ್ರವು ಒಂದು ವಾರದೊಳಗೆ ಪೂರ್ಣವಾಗುತ್ತದೆ. ತಣ್ಣನೆಯ ನೀರಿನಲ್ಲಿ ಹಲವು ವಾರಗಳೇ ಹಿಡಿಯಬಹುದು.

ಲಕ್ಷಣಗಳು

ಮೈ ಹಾಗೂ ಈಜುರೆಕ್ಕೆಗಳ ಮೇಲೆ ಉಪ್ಪು ಉದುರಿಸಿದಂತೆ ಬಿಳಿ ಚುಕ್ಕೆಗಳು ಕಾಣುತ್ತವೆ. ಮೀನು ಕಲ್ಲು, ಗಾಜುಗಳಿಗೆ ಮೈ ಉಜ್ಜುತ್ತದೆ, ರೆಕ್ಕೆ ಮುದುಡಿಕೊಳ್ಳುತ್ತದೆ, ಆಹಾರ ಬಿಡುತ್ತದೆ. ಕಿವಿರಿಗೆ ತಗಲಿದಾಗ ಉಸಿರಾಟ ವೇಗಗೊಂಡು ಮೀನು ಮೇಲ್ಮೈಗೆ ಬಂದು ಬಾಯಿ ತೆರೆಯುತ್ತದೆ. ಕೆಲವೊಮ್ಮೆ ಕಿವಿರಿನಲ್ಲಿ ಮಾತ್ರ ಸೋಂಕಿದ್ದು, ಮೈಮೇಲೆ ಒಂದು ಚುಕ್ಕೆಯೂ ಇಲ್ಲದೆ ಮೀನು ಸಾಯುವುದುಂಟು. ಗಂಡು ಗೋಲ್ಡ್‌ಫಿಶ್‌ಗಳಿಗೆ ಸಂತಾನಕಾಲದಲ್ಲಿ ಕಿವಿರಿನ ಮುಚ್ಚಳದ ಮೇಲೆ ಮೂಡುವ ಬಿಳಿ ಗುಳ್ಳೆಗಳು ರೋಗವಲ್ಲ.

ಚಿಕಿತ್ಸೆ

ನೀರಿನ ಪ್ರಮಾಣ: ಔಷಧ ಹಾಕುವ ಮೊದಲು ನೀರು ಎಷ್ಟಿದೆಯೆಂದು ಲೆಕ್ಕ ಹಾಕಬೇಕು. ಉದ್ದ, ಅಗಲ ಮತ್ತು ನೀರಿನ ಎತ್ತರವನ್ನು ಸೆಂಟಿಮೀಟರಿನಲ್ಲಿ ಅಳೆದು ಗುಣಿಸಿ 1,000ದಿಂದ ಭಾಗಿಸಿದರೆ ಲೀಟರ್ ದೊರೆಯುತ್ತದೆ. 60 × 30 × 25 ಅಳತೆಯಲ್ಲಿ 45 ಲೀಟರ್ ನೀರಿರುತ್ತದೆ. ಇದರಲ್ಲಿ ಕಲ್ಲು, ಮರಳುಗಳು ಆಕ್ರಮಿಸಿದ ಜಾಗವನ್ನು ಕಳೆಯಬೇಕು.

ಉಷ್ಣತೆ: ಉಷ್ಣವಲಯದ ಮೀನುಗಳಿರುವ ತೊಟ್ಟಿಯಲ್ಲಿ ನೀರಿನ ಉಷ್ಣತೆಯನ್ನು ನಿಧಾನವಾಗಿ, ಒಂದೆರಡು ದಿನಗಳಲ್ಲಿ, 28ರಿಂದ 30 ಡಿಗ್ರಿಗೆ ಏರಿಸಲಾಗುತ್ತದೆ. ಇದರಿಂದ ಜೀವನಚಕ್ರ ಬೇಗ ಮುಗಿದು ಮರಿಗಳು ಔಷಧಕ್ಕೆ ಸಿಗುತ್ತವೆ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುವುದರಿಂದ ಗಾಳಿಯ ಪಂಪನ್ನು ಹಗಲಿರುಳು ನಡೆಸಬೇಕು. ತಂಪು ನೀರಿನ ಗೋಲ್ಡ್‌ಫಿಶ್‌ಗೆ ಈ ಕ್ರಮ ಅಷ್ಟಾಗಿ ಹೊಂದುವುದಿಲ್ಲ.

ಉಪ್ಪು: ಲೀಟರಿಗೆ 1ರಿಂದ 3 ಗ್ರಾಂ. 45 ಲೀಟರಿಗೆ 2 ಗ್ರಾಂನಂತೆ 90 ಗ್ರಾಂ ಉಪ್ಪನ್ನು ಬೇರೆ ನೀರಿನಲ್ಲಿ ಕರಗಿಸಿ, ಒಂದು ದಿನದಲ್ಲಿ ಮೂರು ಕಂತಾಗಿ ಸೇರಿಸುವುದು ಸುರಕ್ಷಿತ. ಹುರುಪೆಯಿಲ್ಲದ ಕ್ಯಾಟ್‌ಫಿಶ್ ಮತ್ತು ಲೋಚ್ ಮೀನುಗಳಿಗೂ ಜಲಸಸ್ಯಗಳಿಗೂ ಕನಿಷ್ಠ ಪ್ರಮಾಣವೇ ಲೇಸು.

ಫಾರ್ಮಲಿನ್: 1,000 ಲೀಟರಿಗೆ 15ರಿಂದ 25 ಮಿಲಿಲೀಟರ್, ದಿನ ಬಿಟ್ಟು ದಿನ. ಪ್ರತಿ ಸಲವೂ ಮೊದಲು ನೀರಿನ ಒಂದು ಭಾಗವನ್ನು ಬದಲಿಸಬೇಕು. ಬಿಳಿ ಗಸಿ ಕೂಡಿದ ಹಳೆಯ ಫಾರ್ಮಲಿನ್ ಮೀನಿಗೆ ವಿಷ. ಇದರ ಆವಿ ಮನುಷ್ಯರಿಗೂ ಹಾನಿಕರವಾದುದರಿಂದ ಕೈಗವಸು ಧರಿಸಿ, ಗಾಳಿಯಾಡುವ ಸ್ಥಳದಲ್ಲಿ ಬಳಸಬೇಕು.

ಮ್ಯಾಲಕೈಟ್ ಗ್ರೀನ್: ಪರಿಣಾಮಕಾರಿಯಾದರೂ ವಿಷಕಾರಿ ಬಣ್ಣ. ತಿನ್ನುವ ಮೀನುಗಳಿಗೆ ಇದನ್ನು ಬಳಸುವುದು ಭಾರತದಲ್ಲಿಯೂ ನಿಷಿದ್ಧ. ಔಷಧಿತ ನೀರನ್ನು ಬಾವಿ, ಕೆರೆಗಳಿಗೆ ಚೆಲ್ಲಬಾರದು.

ಔಷಧ ನಡೆಯುವಾಗ ಸೋಸುಕದಿಂದ ಇದ್ದಿಲನ್ನು ತೆಗೆಯಬೇಕು. ಇಲ್ಲವಾದರೆ ಅದು ಔಷಧವನ್ನು ಹೀರಿಕೊಳ್ಳುತ್ತದೆ. ಬೇರೆ ಬೇರೆ ಔಷಧಗಳನ್ನು ಬೆರೆಸಬಾರದು. ಕೊನೆಯ ಚುಕ್ಕೆ ಮಾಯವಾದ ಮೇಲೂ ಕನಿಷ್ಠ ಒಂದು ವಾರ ಚಿಕಿತ್ಸೆ ಮುಂದುವರಿಯಬೇಕು.

ತಡೆ

ಹೊಸ ಮೀನನ್ನು ಎರಡರಿಂದ ನಾಲ್ಕು ವಾರ ಬೇರೆ ತೊಟ್ಟಿಯಲ್ಲಿಟ್ಟು ಗಮನಿಸುವುದು ಉತ್ತಮ ಉಪಾಯ. ಹೊಸ ಗಿಡ, ಒದ್ದೆ ಬಲೆ ಮತ್ತು ಅಂಗಡಿಯ ನೀರಿನಿಂದಲೂ ಸೋಂಕು ಬರಬಹುದು. ರೋಗದಿಂದ ಚೇತರಿಸಿಕೊಂಡ ಮೀನುಗಳಲ್ಲಿ ಸ್ವಲ್ಪ ಕಾಲ ನಿರೋಧಕ ಶಕ್ತಿ ಇರುತ್ತದೆ.

ಕರ್ನಾಟಕದಲ್ಲಿ

ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ 1983ರಲ್ಲಿ ಆರಂಭವಾದ ಸರ್ಕಾರಿ ಮತ್ಸ್ಯಾಲಯವು ಅಲಂಕಾರಿಕ ಮೀನುಗಳನ್ನು ಜನರಿಗೆ ಪರಿಚಯಿಸಿತು. 1969ರಲ್ಲಿ ಸ್ಥಾಪಿತವಾದ ಮಂಗಳೂರಿನ ಮೀನುಗಾರಿಕಾ ಮಹಾವಿದ್ಯಾಲಯದಲ್ಲಿ ಮೀನಿನ ರೋಗಗಳ ಬೋಧನೆ ಮತ್ತು ಸಂಶೋಧನೆ ನಡೆಯುತ್ತದೆ. ಅದು ಈಗ ಬೀದರಿನ ಪಶು ವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ. ಸ್ಥಳೀಯವಾಗಿ ಸಲಹೆಗೆ ಮೀನುಗಾರಿಕೆ ಇಲಾಖೆಯ ಕಚೇರಿಯನ್ನು ಸಂಪರ್ಕಿಸಬಹುದು.

ದಾವಣಗೆರೆ ಜಿಲ್ಲೆಯಂಥ ಬಯಲುಸೀಮೆಯಲ್ಲಿ ಚಳಿಗಾಲದ ಹಗಲು ಬೆಚ್ಚಗೂ ರಾತ್ರಿ ತಂಪಾಗಿಯೂ ಇರುತ್ತವೆ. ಚಿಕ್ಕ ತೊಟ್ಟಿಯ ನೀರು ಈ ಏರಿಳಿತಕ್ಕೆ ಬೇಗ ಒಳಗಾಗಿ ಮೀನು ಬಳಲುತ್ತದೆ. ಬಳಲಿದ ಮೀನಿಗೆ ರೋಗ ಸುಲಭವಾಗಿ ತಗಲುತ್ತದೆ.

ರೋಗ ಬಂದ ಅಥವಾ ಬೇಡವಾದ ಮೀನುಗಳನ್ನು ‘ಬದುಕಿಕೊಳ್ಳಲಿ’ ಎಂಬ ಕನಿಕರದಿಂದ ಹತ್ತಿರದ ನೀರಿಗೆ ಬಿಡುವುದು ಅಪಾಯಕರ. ಚನ್ನಗಿರಿ ತಾಲ್ಲೂಕಿನಲ್ಲಿಯೇ ಸಂತೇಬೆನ್ನೂರಿನ ಪುಷ್ಕರಣಿಯೂ ಸೂಳೆಕೆರೆ ಎಂದು ಪ್ರಸಿದ್ಧವಾದ ಶಾಂತಿಸಾಗರವೂ ಇವೆ. ಇಂಥ ನೀರಿಗೆ ಸೇರಿದ ಪರೋಪಜೀವಿಯು ಗೆಂಡೆ ಮೊದಲಾದ ನಾಡಿನ ಮೀನುಗಳಿಗೂ ತಗಲಬಲ್ಲದು. ತೊಟ್ಟಿಯಲ್ಲಿ ಸಾಧ್ಯವಾದ ಚಿಕಿತ್ಸೆ ಕೆರೆಯಲ್ಲಿ ಸಾಧ್ಯವಿಲ್ಲ. ಸತ್ತ ಮೀನನ್ನು ಕೂಡ ನೀರಿಗೆ ಎಸೆಯದೆ ಮಣ್ಣಿನಲ್ಲಿ ಆಳವಾಗಿ ಹೂಳಬೇಕು.