ಡಿಕ್ಕಿಯೊಳಗಿನ ಎರಡು ಪೀಠ

ಮೋಟಾರು ಕಾರಿನ ಹಿಂಬದಿಯಲ್ಲಿ ಸಾಮಾನು ತುಂಬುವ ಗೂಡನ್ನು ನಾವು ಡಿಕ್ಕಿ ಎನ್ನುತ್ತೇವೆ. ಆ ಹೆಸರು ಮೊದಲಿಗೆ ಸಾಮಾನಿನದಲ್ಲ, ಮನುಷ್ಯರು ಕೂರುವ ಜಾಗದ್ದು. ಇಂಗ್ಲೆಂಡಿನ ಸಾರೋಟುಗಳ ಹಿಂದೆ ಆಳುಗಳು ಕೂರುತ್ತಿದ್ದ ಹೊರಪೀಠಕ್ಕೆ ಅದು ಸಲ್ಲುತ್ತಿತ್ತು. ೧೯೨೦ರ ದಶಕದ ಕಾರುಗಳಲ್ಲಿ ಹಿಂದಿನ ಮುಚ್ಚಳ ಎತ್ತಿದರೆ ಬಿಸಿಲು ಮಳೆಗೆ ಒಡ್ಡಿದ ಪೀಠವೊಂದು ತೆರೆದುಕೊಳ್ಳುತ್ತಿತ್ತು, ಅದೂ ಡಿಕ್ಕಿಯೇ. ಕಾಲಕ್ರಮದಲ್ಲಿ ಪೀಠ ಹೋಗಿ ಮುಚ್ಚಳವೂ ಹೆಸರೂ ಉಳಿದವು. ಲಾರಿ ಬಂದು ಹೊಡೆಯುವ ‘ಡಿಕ್ಕಿ’ ಬೇರೆಯೇ ಮಾತು. ಆದರೆ ನಾನು ಹೇಳಹೊರಟ ವೃತ್ತಾಂತದಲ್ಲಿ ಈ ಎರಡು ಡಿಕ್ಕಿಗಳೂ ಎದುರುಬದುರಾಗುತ್ತವೆ.

೨೦೦೯ರ ಮಾರ್ಚಿಯಲ್ಲಿ ಕ್ಯಾಲಿಫೋರ್ನಿಯದ ಹಾಥಾರ್ನ್‌ನಲ್ಲಿ ಟೆಸ್ಲಾ ಸಂಸ್ಥೆ ತನ್ನ ‘ಮಾಡೆಲ್ ಎಸ್’ ಎಂಬ ವಿದ್ಯುತ್ ಕಾರನ್ನು ಪ್ರದರ್ಶಿಸಿತು. ಐವರು ದೊಡ್ಡವರು, ಇಬ್ಬರು ಮಕ್ಕಳು, ಒಟ್ಟು ಏಳು ಜನ ಕೂರಬಹುದೆಂದು ಅದರ ಹೆಚ್ಚುಗಾರಿಕೆ. ಸಂಸ್ಥೆಯ ಮುಖ್ಯಸ್ಥ ಇಲಾನ್ ಮಸ್ಕ್ ಆಗ ಐದು ಗಂಡುಮಕ್ಕಳ ತಂದೆ. ಕೋರಿಕೆ ಎಲ್ಲಿಂದ ಹುಟ್ಟಿತೆಂದು ಊಹಿಸಲು ಪಾಂಡಿತ್ಯ ಬೇಡ. ೨೦೧೨ರ ಜೂನ್‌ನಲ್ಲಿ ಕಾರು ಗಿರಾಕಿಗಳ ಕೈಸೇರಿತು. ಹೆಚ್ಚುವರಿ ಹಣ ತೆತ್ತವರಿಗೆ ಡಿಕ್ಕಿಯ ಕುಳಿಯೊಳಗೆ ಮಡಚಿಡಬಹುದಾದ ಜೋಡಿ ಪೀಠ ದೊರೆಯುತ್ತಿತ್ತು. ಮಕ್ಕಳ ಮುಖ ಹಿಂದಿನ ರಸ್ತೆಯ ಕಡೆಗೆ. ಹೆಗಲು, ಸೊಂಟ, ತೊಡೆಗಳ ನಡುವೆ ಐದು ಕಡೆ ಬಿಗಿಯುವ ಪಟ್ಟಿ.

ಇದು ಹೊಸ ಉಪಾಯವೇನಲ್ಲ. ೧೯೫೭ರಲ್ಲಿಯೇ ಅಮೆರಿಕದ ಕ್ರೈಸ್ಲರ್ ಸಂಸ್ಥೆಯ ಉದ್ದನೆಯ ಸ್ಟೇಷನ್ ವ್ಯಾಗನ್‌ಗಳಲ್ಲಿ ಮೂರನೆಯ ಸಾಲು ಹಿಮ್ಮುಖವಾಗಿತ್ತು. ಯುದ್ಧಾನಂತರ ಸಂಸಾರಗಳು ದೊಡ್ಡವಾಗಿದ್ದುವು, ಊರಾಚೆಯ ಬಡಾವಣೆಗಳೂ ಬೆಳೆದಿದ್ದುವು. ಹಿಂದೆ ಬರುವ ಕಾರಿನವರಿಗೆ ಕೈಬೀಸುತ್ತಾ ಆ ಮಕ್ಕಳು ಹೋಗುತ್ತಿದ್ದರು. ಎತ್ತಿನ ಗಾಡಿಯ ಹಿಂತುದಿಯಲ್ಲಿ ಕಾಲು ಇಳಿಬಿಟ್ಟು ಕೂತು, ದಾರಿ ತನ್ನಷ್ಟಕ್ಕೆ ಬಿಚ್ಚಿಕೊಳ್ಳುವುದನ್ನು ನೋಡಿದವರಿಗೆ ಆ ಸುಖ ವಿವರಿಸಬೇಕಾಗಿಲ್ಲ. ಆದರೆ ಹಿಂದಿನ ಗಾಜು ಇಳಿಸಿದರೆ ಗಾಡಿಯ ಬೆನ್ನಿಗೆ ಸುಳಿಯುವ ಗಾಳಿ ಎಂಜಿನ್ನಿನ ವಿಷದ ಹೊಗೆಯನ್ನು ಒಳಕ್ಕೆಳೆಯುತ್ತಿತ್ತು. ಪೆಟ್ರೋಲು ತೊಟ್ಟಿಯೂ ಹಿಂಭಾಗದಲ್ಲಿಯೇ. ವಿದ್ಯುತ್ ಕಾರಿಗೆ ಹೊಗೆ ಕೊಳವೆಯೂ ಇಲ್ಲ, ತೊಟ್ಟಿಯೂ ಇಲ್ಲ. ಬ್ಯಾಟರಿ ನೆಲದಡಿ ಚಪ್ಪಟೆಯಾಗಿ ಮಲಗಿರುತ್ತದೆ. ಹೀಗೆ ಹಳೆಯ ಎರಡು ಅಪಾಯಗಳು ತಾವಾಗಿಯೇ ನೀಗಿದವು.

ಹಿಮ್ಮುಖವಾಗಿ ಕೂರಿಸುವುದು ಮೊಂಡು ಹಟವೂ ಅಲ್ಲ. ಸ್ವೀಡನ್ನಿನ ಬರ್ಟಿಲ್ ಆಲ್ಡ್‌ಮನ್ ಎಂಬ ವೈದ್ಯರು, ಜೆಮಿನಿ ಗಗನಯಾತ್ರಿಗಳು ಬೆನ್ನು ಆನಿಸಿ ಮಲಗಿಯೇ ಉಡ್ಡಯನದ ಒತ್ತಡ ಸಹಿಸುವುದನ್ನು ಗಮನಿಸಿ, ೧೯೬೪ರಲ್ಲಿ ಮಗುವಿಗೊಂದು ಹಿಮ್ಮುಖ ಪೀಠ ರಚಿಸಿದರು. ವೋಲ್ವೋ ಕಾರಿನಲ್ಲಿ ಅದರ ಪರೀಕ್ಷೆ ನಡೆಯಿತು. ಎಳೆಯ ಮಗುವಿನ ತಲೆ ದೊಡ್ಡದು, ಕತ್ತು ಬಲಹೀನ. ಕಾರು ಎದುರಿಗೆ ಏನನ್ನಾದರೂ ಹೊಡೆದರೆ ಮುಮ್ಮುಖವಾಗಿ ಕೂತ ಮಗುವಿನ ತಲೆ ಮುಂದಕ್ಕೆ ಚಿಮ್ಮುತ್ತದೆ. ಹಿಮ್ಮುಖವಾಗಿದ್ದರೆ ಬೆನ್ನು, ಕತ್ತು, ತಲೆಗಳನ್ನು ಪೀಠವೇ ಒಟ್ಟಿಗೆ ತಡೆಯುತ್ತದೆ.

ದಿಕ್ಕು ಸರಿಯೆನ್ನೋಣ, ಜಾಗದ ಮಾತೇನು? ಹಿಂದಿನಿಂದ ಲಾರಿ ನುಗ್ಗಿದರೆ ಮೊದಲು ನುಗ್ಗಾಗುವುದು ಡಿಕ್ಕಿ. ಮಕ್ಕಳ ಕಾಲು ಅಲ್ಲಿಯೇ. ಟೆಸ್ಲಾದವರು ಇದನ್ನು ಮರೆತಿರಲಿಲ್ಲ. ಈ ಪೀಠ ಬೇಕೆಂದವರ ಕಾರಿಗೆ ಹಿಂದಿನ ಬಂಪರಿನೊಳಗೆ ಹೆಚ್ಚಿನ ಲೋಹದ ತೊಲೆಯೊಂದನ್ನು ಸೇರಿಸುತ್ತಿದ್ದರು. ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯಲ್ಲಿ ಮೆಚ್ಚತಕ್ಕ ಭಾಗವೆಂದರೆ ಯಾರ ಕಣ್ಣಿಗೂ ಬೀಳದ ಆ ತೊಲೆ. ಮೇಲಿನ ಇಳಿಜಾರು ಗಾಜಿನಿಂದ ಸುರಿಯುವ ಬಿಸಿಲಿಗೆ ಮಾತ್ರ ಅಂಥ ಪರಿಹಾರವಿರಲಿಲ್ಲ. ತಂಪುಗಾಳಿಯ ಕಿಂಡಿಗಳು ಅಲ್ಲಿಯವರೆಗೆ ಬರಲಿಲ್ಲ. ಕೂಸುಗಳಿಗೆ ಆ ಪೀಠ ಒದಗದು, ಮಗು ತುಸು ಎತ್ತರವಾಯಿತೆಂದರೆ ತಲೆ ಗಾಜಿಗೆ ತಾಗೀತು. ಕೆಲವೇ ವರ್ಷಗಳ ಉಪಯೋಗ.

ಅಂದಹಾಗೆ, ನಮ್ಮ ಬೆಂಗಳೂರಿನಲ್ಲಿ ೨೦೦೧ರಲ್ಲಿ ಹೊರಬಂದ ‘ರೇವಾ’ ವಿದ್ಯುತ್ ಕಾರೂ ಮುಂದೆ ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳೆಂಬ ಲೆಕ್ಕದ್ದೇ. ಅಲ್ಲಿ ಮಕ್ಕಳ ಮುಖ ಮುಂದಕ್ಕಿತ್ತು. ಟೆಸ್ಲಾವೂ ಕೊನೆಗೆ ಆ ಕಡೆಗೇ ತಿರುಗಿತು. ‘ಮಾಡೆಲ್ ವೈ’ ಕಾರಿಗೆ ೨೦೨೧ರ ಸುಮಾರಿಗೆ ಬಂದ ಮೂರನೆಯ ಸಾಲು ಮುಮ್ಮುಖ. ‘ಎಸ್’ನ ಹಿಮ್ಮುಖ ಪೀಠದ ಮಾರಾಟ ಅಷ್ಟರಲ್ಲಿ ನಿಂತಿತ್ತು. ಬಳಸಿದ ಕಾರು ಕೊಂಡು, ಬೇರೊಂದು ಕಾರಿನಿಂದ ಕಳಚಿದ ಪೀಠವನ್ನು ತಂದು ಕೂರಿಸಬಯಸುವ ತಂದೆತಾಯಿಗಳು ಮೊದಲು ಬಂಪರನ್ನು ಬಿಚ್ಚಿಸಿ ನೋಡಬೇಕು, ಒಳಗೆ ಆ ತೊಲೆ ಇದೆಯೇ ಎಂದು.