ಸಹಸ್ರವರ್ಷದ ಆಳಿಕೆಯೂ ಸುಧಾರಿತ ಸಭೆಗಳ ಮೌನವೂ

ಪ್ರಾಟೆಸ್ಟಂಟ್ ಕ್ರೈಸ್ತರೊಳಗೆ ಜ್ಯೂರಿಕ್, ಜಿನೀವಾ ನಗರಗಳ ಸುಧಾರಕರ ಮಾರ್ಗವನ್ನನುಸರಿಸಿದ ಸಭೆಗಳಿಗೆ ಸುಧಾರಿತ ಸಭೆಗಳೆಂದು ಹೆಸರು. ಲೂಥರನ ಅನುಯಾಯಿಗಳಿಂದ ಇವರನ್ನು ಬೇರೆಯಾಗಿ ಎಣಿಸುವುದು ಚರಿತ್ರಕಾರರ ರೂಢಿ. ಕ್ರಿಸ್ತನು ಮರಳಿ ಬರುವನು, ಸತ್ತವರು ದೇಹಸಹಿತರಾಗಿ ಏಳುವರು, ಸಕಲರಿಗೂ ನ್ಯಾಯತೀರ್ಪಾಗುವುದು ಎಂಬೀ ಮೂರು ವಿಷಯಗಳಲ್ಲಿ ಅವರಿಗೂ ರೋಮಿನ ಸಭೆಗೂ ಮೂಲದಲ್ಲಿ ಭೇದವಿಲ್ಲ. ವಾದವು ಹುಟ್ಟಿದುದು ಬೈಬಲಿನ ಕಡೆಯ ಗ್ರಂಥವಾದ ‘ಪ್ರಕಟನೆ’ಯ 20ನೆಯ ಅಧ್ಯಾಯದಿಂದ. ಸೈತಾನನು ಸಾವಿರ ವರ್ಷ ಬಂಧಿತನಾಗಿರುವನೆಂದೂ ಭಕ್ತರು ಅಷ್ಟು ಕಾಲ ಕ್ರಿಸ್ತನೊಡನೆ ಆಳುವರೆಂದೂ ಅಲ್ಲಿ ಹೇಳಿದೆ. ‘ಸಾವಿರ ವರ್ಷ’ ಎಂಬ ಮಾತು ಏಳು ವಾಕ್ಯಗಳೊಳಗೆ ಆರು ಸಲ ಬರುವುದು. ಆ ಆಳಿಕೆ ಮುಂದೆ ಬರತಕ್ಕದ್ದೋ, ಈಗಲೇ ನಡೆಯುತ್ತಿರುವುದೋ? ಭೂಮಿಯ ಮೇಲೋ, ಪರಲೋಕದಲ್ಲೋ?

ಪುರಾಣಗಳ ಯುಗಗಣನೆಗೆ ಒಗ್ಗಿದ ವಾಚಕರಿಗೆ ಈ ಪ್ರಶ್ನೆಯ ತೀವ್ರತೆ ಒಡನೆಯೇ ತೋರಲಾರದು. ಕಲಿಯುಗಕ್ಕೆ 4,32,000 ವರ್ಷಗಳೆಂದು ಲೆಕ್ಕವುಂಟು. ಅದು ಕಳೆದ ಮೇಲೆ ಮತ್ತೆ ಕೃತಯುಗ. ಕ್ರೈಸ್ತರ ಕಾಲವಾದರೋ ಚಕ್ರದಂತೆ ಸುತ್ತುವುದಲ್ಲ; ಅಂತ್ಯವು ಒಂದೇ ಸಲ, ಅದೂ ಯಾವ ದಿನವಾದರೂ ಬಂದೀತು. ಹೀಗಿರುವುದರಿಂದಲೇ ‘ಯಾವಾಗ?’ ಎಂಬುದು ಅವರಲ್ಲಿ ವಿದ್ವಾಂಸರ ಕುತೂಹಲವಾಗಿ ನಿಲ್ಲದೆ ನಗರಗಳನ್ನೂ ರಾಜ್ಯಗಳನ್ನೂ ಅಲುಗಾಡಿಸಿತು.

ಅಗಸ್ಟೀನನು ‘ದೇವನಗರ’ದ 20ನೆಯ ಭಾಗದಲ್ಲಿ ಸಾವಿರ ವರ್ಷವೆಂಬುದು ಸಭೆಯ ಈಗಿನ ಕಾಲವೇ ಎಂದು ವ್ಯಾಖ್ಯಾನಿಸಿದ್ದನು. ಭೂಮಿಯ ಮೇಲೆ ಬರಲಿರುವ ಆಳಿಕೆಯನ್ನು ತಾನೂ ಹಿಂದೆ ನಂಬಿದ್ದೆನೆಂದು ಅಲ್ಲಿಯೇ ಒಪ್ಪಿಕೊಂಡಿದ್ದಾನೆ. ಪಶ್ಚಿಮ ಯೂರೋಪಿನ ಸಭೆಯಲ್ಲಿ ಈ ಅರ್ಥವೇ ಬಹುಕಾಲ ಪ್ರಮಾಣವಾಗಿ ನಡೆಯಿತು. ಅದನ್ನು ಮೀರುವುದರಿಂದ ಏನಾಗಬಹುದೆಂಬುದನ್ನು ಸುಧಾರಕರು ತಮ್ಮ ಜೀವಮಾನದಲ್ಲಿಯೇ ಕಂಡರು. ಜರ್ಮನಿಯ ಮ್ಯೂನ್‌ಸ್ಟರ್ ನಗರವನ್ನು 1534ರಲ್ಲಿ ಪುನರ್ದೀಕ್ಷಾವಾದಿಗಳು, ಎಂದರೆ ಶೈಶವದಲ್ಲಿ ಪಡೆದ ದೀಕ್ಷಾಸ್ನಾನವನ್ನು ಒಪ್ಪದೆ ಪ್ರಾಯದಲ್ಲಿ ಮತ್ತೆ ದೀಕ್ಷೆ ಕೊಡುತ್ತಿದ್ದವರು, ವಶಮಾಡಿಕೊಂಡು ಅದನ್ನೇ ಹೊಸ ಯೆರೂಸಲೇಮೆಂದು ಸಾರಿದರು. ಆ ವರ್ಷದ ಈಸ್ಟರ್ ಹಬ್ಬಕ್ಕೆ ಲೋಕಾಂತ್ಯವೆಂದು ಹೇಳಿದ್ದ ಯಾನ್ ಮಾತಿಸನು ಮುತ್ತಿಗೆ ಹಾಕಿದ್ದ ಸೈನ್ಯದ ಮೇಲೆ ಕೆಲವೇ ಜನರೊಡನೆ ನುಗ್ಗಿ ಮಡಿದನು. ಬಳಿಕ ಲೈಡನ್ನಿನ ಯಾನನು ತಾನೇ ದಾವೀದನ ಸಿಂಹಾಸನದ ಅರಸನೆನಿಸಿಕೊಂಡು ಬಹುಪತ್ನೀತ್ವವನ್ನು ಶಾಸನಮಾಡಿದನು. 1535ರ ಜೂನಿನಲ್ಲಿ ನಗರವು ಬಿದ್ದಿತು. ನಾಯಕರ ಹೆಣಗಳನ್ನು ತೂಗುಹಾಕಿದ ಕಬ್ಬಿಣದ ಪಂಜರಗಳು ಅಲ್ಲಿಯ ಸಂತ ಲ್ಯಾಂಬರ್ಟನ ದೇವಾಲಯದ ಗೋಪುರದಲ್ಲಿ ಇಂದಿಗೂ ಇವೆ.

ಕ್ಯಾಲ್ವಿನನು ದೈವಶಾಸ್ತ್ರವನ್ನು ಕುರಿತು ಮೊದಲು ಬರೆದ ಗ್ರಂಥವು ಈ ಗಲಭೆಯ ವರ್ಷದ್ದೇ. ಸತ್ತವರ ಆತ್ಮಗಳು ಪುನರುತ್ಥಾನದವರೆಗೆ ನಿದ್ರಿಸುವುವೆಂಬ ಮತವನ್ನು ಖಂಡಿಸಿ 1534ರಲ್ಲಿ ಅದನ್ನು ರಚಿಸಿದನು, ಅಚ್ಚಾದುದು 1542ರಲ್ಲಿ. ಅವನ ಮುಖ್ಯಗ್ರಂಥವಾದ ‘ಕ್ರೈಸ್ತಮತ ಸಂಸ್ಥೆ’ಯ 1559ರ ಪಾಠದಲ್ಲಿ ಕಡೆಯ ಪುನರುತ್ಥಾನಕ್ಕೆ ಒಂದು ಇಡಿಯ ಅಧ್ಯಾಯವೇ ಮೀಸಲಾಗಿದೆ. ಕ್ರಿಸ್ತನ ಆಳಿಕೆಯನ್ನು ಸಾವಿರ ವರ್ಷಕ್ಕೆ ಮೊಟಕುಮಾಡುವವರ ಮಾತು ಉತ್ತರಕ್ಕೂ ಯೋಗ್ಯವಲ್ಲದ ಬಾಲಿಶ ಕಲ್ಪನೆಯೆಂದು ಅಲ್ಲಿ ತಳ್ಳಿಹಾಕಿದ್ದಾನೆ. ನಿತ್ಯವಾದ ರಾಜ್ಯಕ್ಕೆ ಅವಧಿಯನ್ನು ಗೊತ್ತುಮಾಡುವುದೇ ಅವನಿಗೆ ಅಪಚಾರವಾಗಿ ಕಂಡಿತು.

ಹೊಸ ಒಡಂಬಡಿಕೆಯ ಉಳಿದ ಗ್ರಂಥಗಳಿಗೆ ವ್ಯಾಖ್ಯಾನ ಬರೆದ ಕ್ಯಾಲ್ವಿನನು, ಯೋಹಾನನ ಎರಡು ಕಿರುಪತ್ರಗಳನ್ನೂ ‘ಪ್ರಕಟನೆ’ಯನ್ನೂ ಮಾತ್ರ ಮುಟ್ಟಲಿಲ್ಲ. ಗ್ರಂಥವು ಅವನಿಗೆ ಎಟುಕದೆ ಬಿಟ್ಟನೆಂದು ಹೇಳುವ ವಾಡಿಕೆಯುಂಟು. ಈ ಮಾತು ಪೂರ್ತಿಯಾಗಿ ಒಪ್ಪತಕ್ಕದ್ದಲ್ಲ. ಅಂಥದೇ ಗೂಢದರ್ಶನಗಳಿಂದ ತುಂಬಿದ ದಾನಿಯೇಲನ ಗ್ರಂಥವನ್ನು ಕುರಿತು ಅವನು ಮಾಡಿದ ಉಪನ್ಯಾಸಗಳು 1561ರಲ್ಲಿ ಅಚ್ಚಾದುವು. ಅವುಗಳಲ್ಲಿ ನಾಲ್ಕನೆಯ ಮೃಗವನ್ನು ಪ್ರಾಚೀನ ರೋಮ್ ಸಾಮ್ರಾಜ್ಯಕ್ಕೂ ಅದರ ಚಿಕ್ಕ ಕೊಂಬನ್ನು ಸೀಸರರಿಗೂ ಅನ್ವಯಿಸಿದ್ದಾನೆ. ಎಂದರೆ ಆ ದರ್ಶನಗಳು ಬಹುಮಟ್ಟಿಗೆ ಕ್ರಿಸ್ತನ ಮೊದಲನೆಯ ಆಗಮನದ ಸುತ್ತಿನ ಕಾಲದಲ್ಲಿಯೇ ನೆರವೇರಿ ಹೋದುವೆಂದು ಅವನ ಅಭಿಪ್ರಾಯ. ಭವಿಷ್ಯವನ್ನು ಲೆಕ್ಕಹಾಕುವವನಿಗೆ ಈ ರೀತಿಯ ವ್ಯಾಖ್ಯಾನದಿಂದ ಬಂಡವಾಳವೇ ಉಳಿಯುವುದಿಲ್ಲ. ಜ್ಯೂರಿಕ್ಕಿನ ಬುಲ್ಲಿಂಗರನು ಹಾಗೆ ಮೌನವಾಗಿರದೆ ‘ಪ್ರಕಟನೆ’ಯ ಮೇಲೆ ನೂರು ಪ್ರಸಂಗಗಳನ್ನು 1557ರಲ್ಲಿ ಪ್ರಕಟಿಸಿದನು. ಆದರೂ 1566ರಲ್ಲಿ ಹೊರಬಿದ್ದ ಎರಡನೆಯ ಹೆಲ್ವೆಟಿಕ್ ವಿಶ್ವಾಸಪ್ರಮಾಣದಲ್ಲಿ, ನ್ಯಾಯತೀರ್ಪಿಗೆ ಮೊದಲು ಭೂಮಿಯ ಮೇಲೆ ಸುವರ್ಣಯುಗವೊಂದು ಬರುವುದೆಂದೂ ಭಕ್ತರು ಶತ್ರುಗಳನ್ನು ಜಯಿಸಿ ರಾಜ್ಯಗಳನ್ನಾಳುವರೆಂದೂ ನಂಬುವುದನ್ನು ಕನಸೆಂದು ಖಂಡಿಸಿದವನೂ ಅವನೇ.

ಹೀಗೆ ಮುಚ್ಚಿದ ಬಾಗಿಲನ್ನು ಮತ್ತೆ ತೆರೆದವರು ಬೀದಿಯ ಪ್ರವಾದಿಗಳಲ್ಲ, ಸುಧಾರಿತ ಮಾರ್ಗದ ಮಹಾವಿದ್ವಾಂಸರೇ ಎಂಬುದು ಈ ಚರಿತ್ರೆಯ ವಿಚಿತ್ರ. 1627ರಲ್ಲಿ ಎರಡು ಲ್ಯಾಟಿನ್ ಗ್ರಂಥಗಳು ಹೊರಟುವು. ಡಾರ್ಟ್ ಮಹಾಸಭೆಯಲ್ಲಿ ಕುಳಿತಿದ್ದ ಹೆರ್ಬಾರ್ನ್ ನಗರದ ಆಲ್‌ಸ್ಟೆಡನು ಸಾವಿರ ವರ್ಷದ ಆರಂಭಕ್ಕೆ 1694ನೆಯ ವರ್ಷವನ್ನೇ ಗೊತ್ತುಮಾಡಿದನು. ಮೂವತ್ತು ವರ್ಷಗಳ ಯುದ್ಧದಲ್ಲಿ ತನ್ನ ನಾಡು ಹಾಳಾಗುತ್ತಿದ್ದುದನ್ನು ಕಣ್ಣಾರೆ ಕಂಡವನು ಹೀಗೆ ಲೆಕ್ಕವಿಟ್ಟುದು ಆಶ್ಚರ್ಯವಲ್ಲ. ಕೇಂಬ್ರಿಜ್ಜಿನ ಜೋಸೆಫ್ ಮೀಡನು ಶಾಂತವಾದ ಕಾಲೇಜಿನಲ್ಲಿ ಕುಳಿತು, ‘ಪ್ರಕಟನೆ’ಯ ದರ್ಶನಗಳಲ್ಲಿ ಯಾವುವು ಸಮಕಾಲೀನವೆಂಬುದನ್ನು ತಾಳೆನೋಡಿ, ಸಾವಿರ ವರ್ಷ ಇನ್ನೂ ಮುಂದಿದೆಯೆಂದು ಸಾಧಿಸಿದನು. ಅದರ ಇಂಗ್ಲಿಷ್ ಅನುವಾದವು 1643ರಲ್ಲಿ ಪಾರ್ಲಿಮೆಂಟಿನ ಅನುಮತಿಯಿಂದ ಹೊರಟಿತು. ಮುನ್ನುಡಿಯನ್ನು ಬರೆದ ಟ್ವಿಸನೇ ಆ ವರ್ಷ ಕೂಡಿದ ವೆಸ್ಟ್‌ಮಿನ್‌ಸ್ಟರ್ ಪಂಡಿತಸಭೆಯ ಅಧ್ಯಕ್ಷ. ಸಭೆಯ ಪ್ರಮುಖರಲ್ಲಿ ಬಹುಮಂದಿ ಸಹಸ್ರವರ್ಷವಾದಿಗಳೆಂದು ಸ್ಕಾಟ್ಲೆಂಡಿನ ಪ್ರತಿನಿಧಿ ರಾಬರ್ಟ್ ಬೇಲಿಯು ಪತ್ರಗಳಲ್ಲಿ ಅಸಮಾಧಾನಪಟ್ಟಿದ್ದಾನೆ.

ಹೀಗಿದ್ದೂ ಆ ಸಭೆ 1646ರಲ್ಲಿ ಮುಗಿಸಿದ ವಿಶ್ವಾಸಪ್ರಮಾಣದಲ್ಲಿ ಸಾವಿರ ವರ್ಷದ ಮಾತೇ ಇಲ್ಲ. ಪೋಪನೇ ಕ್ರಿಸ್ತವಿರೋಧಿಯೆಂದು 25ನೆಯ ಅಧ್ಯಾಯದಲ್ಲಿ ನಿಸ್ಸಂಕೋಚವಾಗಿ ಬರೆದವರು (ಅಮೆರಿಕೆಯ ಪ್ರೆಸ್ಬಿಟೀರಿಯನ್ ಸಭೆ ಈ ಮಾತನ್ನು 1903ರಲ್ಲಿ ತೆಗೆದುಹಾಕಿತು) 33ನೆಯ ಅಧ್ಯಾಯಕ್ಕೆ ಬಂದಾಗ ಲೇಖನಿಯನ್ನು ಬಿಗಿಹಿಡಿದರು. ನ್ಯಾಯತೀರ್ಪಿನ ದಿನವುಂಟೆಂಬುದು ನಿಶ್ಚಯವಾಗಿರಬೇಕು, ಪಾಪಕ್ಕೆ ಹೆದರಿಕೆಯೂ ಭಕ್ತರಿಗೆ ಕಷ್ಟದಲ್ಲಿ ಸಮಾಧಾನವೂ ಆಗುವಂತೆ. ಆ ದಿನ ಯಾವುದೆಂಬುದು ಮರೆಯಾಗಿರಬೇಕು, ಯಾರೂ ಮೈಮರೆಯದಂತೆ: ಇದು ಆ ಅಧ್ಯಾಯದ ಕಡೆಯ ಭಾಗದ ತಾತ್ಪರ್ಯ. ಅಜ್ಞಾನವನ್ನು ಕೊರತೆಯೆಂದೆಣಿಸದೆ ದೇವರು ಬೇಕೆಂದೇ ಕೊಟ್ಟ ಶಿಸ್ತೆಂದು ಎಣಿಸಿರುವುದು ಇಲ್ಲಿಯ ವಿಶೇಷ. ಕ್ಯಾಲ್ವಿನನ ಅನುಯಾಯಿಯೂ ಮೀಡನ ಅನುಯಾಯಿಯೂ ಒಂದೇ ಪತ್ರಕ್ಕೆ ಸಮ್ಮತಿ ಕೊಡಬಹುದಾದುದು ಈ ಸಂಯಮದಿಂದಲೇ. ಅದು ಎಷ್ಟು ಅಗತ್ಯವಾಗಿತ್ತೆಂಬುದು ಬೇಗನೆ ತಿಳಿಯಿತು. ದಾನಿಯೇಲನ ನಾಲ್ಕು ಮೃಗಗಳಾದ ಮೇಲೆ ಕ್ರಿಸ್ತನದೇ ಐದನೆಯ ಸಾಮ್ರಾಜ್ಯವೆಂದು ಕತ್ತಿಹಿಡಿದವರು 1661ರ ಜನವರಿಯಲ್ಲಿ ವೆನ್ನರನ ನಾಯಕತ್ವದಲ್ಲಿ ಲಂಡನ್ನಿನ ಬೀದಿಗಳಲ್ಲಿ ದಂಗೆಯೆದ್ದು ನಾಶವಾದರು.

ಆದರೆ ಮೀಡನ ನಿರೀಕ್ಷೆ ಕತ್ತಿಯೊಡನೆ ಅಳಿಯಲಿಲ್ಲ. ಬೇರೊಂದು ರೂಪ ತಾಳಿತು. ಇಂಗ್ಲೆಂಡಿನ ಸ್ವತಂತ್ರ ಸಭೆಗಳು 1658ರಲ್ಲಿ ಸವಾಯ್ ಅರಮನೆಯಲ್ಲಿ ಕೂಡಿ ವೆಸ್ಟ್‌ಮಿನ್‌ಸ್ಟರಿನ ಪಾಠವನ್ನು ತಿದ್ದಿಕೊಂಡಾಗ, ಅಂತ್ಯದಿನಗಳಲ್ಲಿ ಕ್ರಿಸ್ತವಿರೋಧಿಯು ನಾಶವಾಗಿ, ಯೆಹೂದ್ಯರು ಕರೆಯಲ್ಪಟ್ಟು, ಸಭೆಗಳು ಲೋಕದಲ್ಲಿ ವಿಸ್ತರಿಸುವುವೆಂಬ ಒಂದು ಭಾಗವನ್ನು ಸೇರಿಸಿದರು. ಇಲ್ಲಿ ವರ್ಷದ ಲೆಕ್ಕವಿಲ್ಲ; ಸುವಾರ್ತೆ ಹಬ್ಬುವುದೇ ಕುರುಹು. ಅಮೆರಿಕೆಯ ನಾರ್ಥ್ಯಾಂಪ್ಟನ್ನಿನ ಜೊನಾಥನ್ ಎಡ್ವರ್ಡ್ಸನು ಈ ಆಸೆಯನ್ನೇ ಹಿಡಿದು, ದೇಶದೇಶಗಳ ಭಕ್ತರು ಗೊತ್ತಾದ ಕಾಲದಲ್ಲಿ ಕೂಡಿ ಪ್ರಾರ್ಥಿಸಬೇಕೆಂದು 1747ರಲ್ಲಿ ಗ್ರಂಥವೊಂದನ್ನು ಬರೆದನು. ಅದಕ್ಕೂ ಮೊದಲು, ಆ ಮಹಿಮೆ ಪ್ರಾಯಶಃ ಅಮೆರಿಕೆಯಲ್ಲಿಯೇ ಆರಂಭವಾಗುವುದೆಂದು ಬರೆದು ಟೀಕೆಗೆ ಗುರಿಯಾಗಿದ್ದನು. ದೊಡ್ಡವರಿಗೂ ಸ್ವದೇಶಾಭಿಮಾನ ಬಿಟ್ಟದ್ದಲ್ಲ. 1789ರಲ್ಲಿ ಬ್ಯಾಪ್ಟಿಸ್ಟ್ ಬೋಧಕ ಸಟ್‌ಕ್ಲಿಫನು ಆ ಗ್ರಂಥವನ್ನು ಇಂಗ್ಲೆಂಡಿನಲ್ಲಿ ಮರುಮುದ್ರಿಸಿದನು. ಅವನ ಬಳಗದವನೇ ವಿಲಿಯಂ ಕೇರಿ. 1793ರಲ್ಲಿ ಬಂಗಾಳಕ್ಕೆ ಬಂದನು. 1795ರಲ್ಲಿ ಸ್ಥಾಪಿತವಾದ ಲಂಡನ್ ಮಿಷನ್ ಸಂಸ್ಥೆಯ ಸ್ಥಾಪಕರಲ್ಲಿಯೂ ಇದೇ ನಿರೀಕ್ಷೆ ಪ್ರಬಲವಾಗಿತ್ತು.

ಕನ್ನಡದ ಚರಿತ್ರೆಗೆ ಈ ವಾದದ ಸಂಬಂಧವು ಇಲ್ಲಿಂದ ಬರುತ್ತದೆ. ಆ ಸಂಸ್ಥೆಯ ಜಾನ್ ಹ್ಯಾಂಡ್ಸನು 1810ರಲ್ಲಿ ಬಳ್ಳಾರಿಗೆ ಬಂದು ಬೈಬಲಿನ ಭಾಷಾಂತರಕ್ಕೆ ತೊಡಗಿದನು. 1831ರ ವೇಳೆಗೆ ಕನ್ನಡದಲ್ಲಿ ಪೂರ್ಣ ಬೈಬಲು ಅಚ್ಚಾಗಿತ್ತು. ಅದೇ ಸಂಸ್ಥೆಯ ವಿಲಿಯಂ ರೀವನ ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿ ಹೊರಬಂದಿತು. ಕ್ಯಾಲ್ವಿನನು ವ್ಯಾಖ್ಯಾನಿಸದೆ ಬಿಟ್ಟ ಗ್ರಂಥವು ಉಳಿದ ಗ್ರಂಥಗಳೊಡನೆ ಕನ್ನಡಿಗರ ಕೈಗೆ ಬಂದುದು ಹೀಗೆ.