ಎರಡೂವರೆ ನಿಮಿಷದ ಕಡತ

ಗಾಯಕ, ಸಂಗೀತ ಸಂಯೋಜಕ ಸಿ. ಅಶ್ವತ್ಥ್ ಅವರ ಬದುಕಿನ ವಿವರ ಬರೆದುಕೊಳ್ಳಲು ಕೂತಾಗ ಮೊದಲು ತಡೆದದ್ದು ಒಂದು ತಾರೀಖು. ಹುಟ್ಟಿದ್ದು ಹಾಸನ ಜಿಲ್ಲೆಯ ಚನ್ನರಾಯಪಟ್ಟಣದಲ್ಲಿ, 1939ರ ಡಿಸೆಂಬರ್ 29. ತೀರಿಕೊಂಡದ್ದು ಬೆಂಗಳೂರಿನಲ್ಲಿ, 2009ರ ಡಿಸೆಂಬರ್ 29. ಸರಿಯಾಗಿ ಎಪ್ಪತ್ತು ವರ್ಷ. ಇಂಥ ಹೊಂದಿಕೆ ಕಂಡರೆ ದಾಖಲೆ ಓದುವವನಿಗೆ ಅನುಮಾನ ಹುಟ್ಟಬೇಕು. ನಕಲು ಮಾಡಿದವರು ಯಾರೋ ಒಂದೇ ತಾರೀಖನ್ನು ಎರಡು ಕಡೆ ಬರೆದುಬಿಟ್ಟಿದ್ದರೆ?

ಸಾವಿನ ದಿನವನ್ನು ಬೇರೆ ದಾರಿಯಿಂದ ಪರೀಕ್ಷಿಸಬಹುದು. ಮರುದಿನ ನಸುಕಿನಲ್ಲೇ ಮೈಸೂರಿನಲ್ಲಿ ನಟ ವಿಷ್ಣುವರ್ಧನ್ ಹೋದರು. ಸಂಬಂಧವೇ ಇಲ್ಲದ ಎರಡು ಸಾವುಗಳು ಹೀಗೆ ಬೆನ್ನಿಗೆ ಬೆನ್ನು ಹಚ್ಚಿ ನಿಂತಾಗ ತಾರೀಖು ಅಲ್ಲಾಡುವುದಿಲ್ಲ. ಹುಟ್ಟಿದ ದಿನಕ್ಕೆ ಅಂಥ ಆಸರೆಯಿಲ್ಲ. ಪರಿಚಯ ಲೇಖನಗಳೆಲ್ಲ ಒಂದೇ ಮಾತು ಹೇಳುತ್ತವೆ, ನಿಜ. ಆದರೆ ಒಬ್ಬರನ್ನು ನೋಡಿ ಒಬ್ಬರು ಬರೆದದ್ದು ಹತ್ತು ಸಾಕ್ಷಿಯಾಗುವುದಿಲ್ಲ. ಒಪ್ಪಿಕೊಂಡೆ, ಪೆನ್ಸಿಲಿನಲ್ಲಿ.

ಮುಂದಿನ ತೊಡಕು ಹೆಸರಿನದು. ಮೂರೇ ವಾರದಲ್ಲಿ, 2010ರ ಜನವರಿ 18ರಂದು, ಇನ್ನೊಬ್ಬ ಅಶ್ವತ್ಥ್ ತೀರಿಕೊಂಡರು: ನಟ ಕೆ.ಎಸ್. ಅಶ್ವತ್ಥ್. ಅವರ ಮನೆತನದ ಊರೂ ಹಾಸನ ಜಿಲ್ಲೆಯದೇ, ಹೊಳೆನರಸೀಪುರದ ಕಡೆ. ಇನಿಷಿಯಲ್ ಬಿಟ್ಟು ಹುಡುಕಿದರೆ ಹಾಡಿನವರ ಜೊತೆ ಅಭಿನಯದವರೂ ಎದ್ದು ಬರುತ್ತಾರೆ. ಸಿನಿಮಾ ಪಟ್ಟಿಗೆ ಹೋದರೆ ಮತ್ತೊಂದು ಗೋಡೆ: ‘ಆಲೆಮನೆ’ಯಂಥ ಚಿತ್ರಗಳಲ್ಲಿ ಇರುವುದು ಅಶ್ವಥ್–ವೈದಿ ಎಂಬ ಜೋಡಿ ಹೆಸರು. ವೈದಿ ಅಂದರೆ ಎಲ್. ವೈದ್ಯನಾಥನ್; ಅವರ ಪಾಲೆಷ್ಟು, ನಮ್ಮವರದೆಷ್ಟು ಎಂದು ತೆರೆಯ ಮೇಲಿನ ಹೆಸರು ಬಿಡಿಸಿ ಹೇಳುವುದಿಲ್ಲ. ಆ ದಾರಿ ಅಲ್ಲಿಗೇ ಬಿಟ್ಟೆ. ಐಟಿಐ ಕಾರ್ಖಾನೆಯ ನೌಕರಿ, ದೇವಗಿರಿ ಶಂಕರರಾವ್ ಜೋಶಿ ಅವರಲ್ಲಿ ಹಿಂದೂಸ್ತಾನಿ ಕಲಿಕೆ, 1977ರ ‘ಕಾಕನಕೋಟೆ’, 1990ರ ‘ಸಂತ ಶಿಶುನಾಳ ಶರೀಫ’ – ಇವು ತಕರಾರಿಲ್ಲದ ಮೈಲುಗಲ್ಲುಗಳು.

ನನಗೆ ಬೇಕಿದ್ದದ್ದು ತಕರಾರಿನ ಜಾಗ. ಕುವೆಂಪು ಅವರ ‘ಜಯ ಭಾರತ ಜನನಿಯ ತನುಜಾತೆ’ ಕರ್ನಾಟಕದ ನಾಡಗೀತೆಯಾದ ಮೇಲೆ ಅದನ್ನು ಯಾರ ಧಾಟಿಯಲ್ಲಿ ಹಾಡಬೇಕು, ಮೈಸೂರು ಅನಂತಸ್ವಾಮಿ ಅವರದರಲ್ಲೋ ಅಶ್ವತ್ಥ್ ಅವರದರಲ್ಲೋ? ವರ್ಷಗಟ್ಟಲೆ ಸಮಿತಿಗಳು ಕೂತವು, ಎದ್ದವು. ಅಶ್ವತ್ಥ್ ಪರ ನಿಂತವರ ಮುಖ್ಯ ವಾದ ಹೀಗಿತ್ತು: ಅನಂತಸ್ವಾಮಿ ಪೂರ್ತಿ ಗೀತೆಗೆ ರಾಗ ಹಾಕಿಲ್ಲ, ಕೆಲವೇ ಚರಣಗಳಿಗೆ ಹಾಕಿದ್ದಾರೆ, ಇಡೀ ಗೀತೆಯನ್ನು ಕಟ್ಟಿದವರು ಅಶ್ವತ್ಥ್. ಕೇಳಲು ಗಟ್ಟಿಯಾಗಿದೆ. ಆದರೆ ಸುಗಮ ಸಂಗೀತದಲ್ಲಿ ಒಂದು ಚರಣದ ಧಾಟಿಯಲ್ಲಿ ಉಳಿದವನ್ನು ಹಾಡುವುದು ಹೊಸದೇನಲ್ಲ. ಹಾಗೆ ಹಾಡಿದ ಚರಣದ ರಾಗ ಸಂಯೋಜನೆ ಯಾರ ಹೆಸರಿಗೆ ಹೋಗಬೇಕು? ಕ್ಯಾಸೆಟ್ಟುಗಳನ್ನು ಎಷ್ಟು ಸಲ ತಿರುಗಿಸಿ ಕೇಳಿದರೂ ಕಿವಿಗೆ ಸಿಗುವುದು ಯಾವುದು ಇಂಪು ಎಂಬ ಉತ್ತರ. ಯಾರದು ಎಂಬುದಕ್ಕೆ ಅಲ್ಲಿ ಉತ್ತರವಿಲ್ಲ.

ಗಂಟು ಸಡಿಲವಾದದ್ದು ನಾಲ್ಕು ತಾರೀಖುಗಳನ್ನು ಒಂದೇ ಹಾಳೆಯಲ್ಲಿ ಬರೆದಾಗ. ಅನಂತಸ್ವಾಮಿ ತೀರಿಕೊಂಡದ್ದು 1995ರ ಜನವರಿಯಲ್ಲಿ. ಕವನ ನಾಡಗೀತೆಯಾದದ್ದು 2004ರ ಜನವರಿ 6ರಂದು. ಅಶ್ವತ್ಥ್ ಹೋದದ್ದು 2009. ಸರ್ಕಾರ ಧಾಟಿ ನಿಗದಿ ಮಾಡಿದ್ದು 2022ರ ಸೆಪ್ಟೆಂಬರ್ 25ರ ಆದೇಶದಲ್ಲಿ. ಅಂದರೆ ಅನಂತಸ್ವಾಮಿ ಎಂದೂ ‘ನಾಡಗೀತೆ’ಗೆ ರಾಗ ಹಾಕಲಿಲ್ಲ, ಅವರು ರಾಗ ಹಾಕಿದ್ದು ಒಂದು ಭಾವಗೀತೆಗೆ. ನಾಡಗೀತೆ ಅನ್ನಿಸಿಕೊಂಡ ಮೇಲೆ ಅದರೊಡನೆ ಸುಮಾರು ಆರು ವರ್ಷ ಬದುಕಿದ್ದವರು ಅಶ್ವತ್ಥ್ ಒಬ್ಬರೇ. ಆದೇಶ ಬರುವ ಹೊತ್ತಿಗೆ ಇಬ್ಬರೂ ಇರಲಿಲ್ಲ. ವ್ಯಾಜ್ಯ ನಡೆದದ್ದು ಹಿಂದೆ ಉಳಿದವರ ನಡುವೆ. ಇದರಿಂದ ಅಶ್ವತ್ಥ್ ಪಕ್ಷ ಗೆದ್ದಿತೆಂದಲ್ಲ. ಬದುಕಿದ್ದರು ಎಂಬುದು ಹಕ್ಕಿಗೆ ಆಧಾರವಲ್ಲ, ಮೊದಲು ಹಾಡಿದರು ಎಂಬುದೂ ಅಲ್ಲ. ಆದರೆ ‘ನಾಡಗೀತೆಯ ನಿಜವಾದ ಧಾಟಿ’ ಎಂಬ ಪ್ರಶ್ನೆಗೆ ಹಳೆಯ ಕಡತದಲ್ಲಿ ಉತ್ತರ ಹುಡುಕುವುದು ವ್ಯರ್ಥ ಎಂದು ಅಲ್ಲಿ ಖಚಿತವಾಯಿತು. ಆ ಉತ್ತರವನ್ನು ಯಾರಾದರೂ ತೀರ್ಮಾನಿಸಬೇಕಿತ್ತು.

ತೀರ್ಮಾನಿಸಿದ್ದು ಬೊಮ್ಮಾಯಿ ಸರ್ಕಾರ, ಎಚ್.ಆರ್. ಲೀಲಾವತಿ ಸಮಿತಿಯ ಶಿಫಾರಸಿನಂತೆ: ಅನಂತಸ್ವಾಮಿ ಧಾಟಿ, ಆಲಾಪ ಮತ್ತು ಪುನರಾವರ್ತನೆ ಇಲ್ಲದೆ 2 ನಿಮಿಷ 30 ಸೆಕೆಂಡು. ಈ ಆದೇಶ ಪ್ರಶ್ನಿಸಿ ಗಾಯಕ ಕಿಕ್ಕೇರಿ ಕೃಷ್ಣಮೂರ್ತಿ ಹೈಕೋರ್ಟಿಗೆ ಹೋದರು. ವಿಚಾರಣೆಯಲ್ಲಿ ಅವರು ಹಾಡಿಯೂ ತೋರಿಸಿದರು. ನ್ಯಾಯಾಲಯದ ಕಲಾಪದಲ್ಲಿ ಧಾಟಿಯೇ ಸಾಕ್ಷಿಯಾಗಿ ನಿಂತ ಈ ಪ್ರಸಂಗ ನನಗೆ ಇಡೀ ಕಡತದಲ್ಲಿ ಅತ್ಯಂತ ಪ್ರಿಯವಾದದ್ದು. ಅಷ್ಟರಲ್ಲಿ ಸರ್ಕಾರ ಬದಲಾಗಿತ್ತು, ಆದೇಶ ಬದಲಾಗಲಿಲ್ಲ. 2024ರ ಏಪ್ರಿಲ್‌ನಲ್ಲಿ ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅರ್ಜಿ ವಜಾ ಮಾಡಿದರು.

ಅಶ್ವತ್ಥ್ ಹುಟ್ಟಿದ ಚನ್ನರಾಯಪಟ್ಟಣಕ್ಕೂ ಈಗ ಅದೇ ಆದೇಶ, ಅನಂತಸ್ವಾಮಿ ಅವರದೇ ಧಾಟಿ.